ಒಂಟಾರಿಯೊದ ಸುಪೀರಿಯರ್ ಕೋರ್ಟ್: ಹೆಸರು ನೋಡಿ ಹೈಕೋರ್ಟ್ ಅಂದುಕೊಳ್ಳಬೇಡಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ ಪರಿಚಯದ ಒಬ್ಬರಿಗೆ ಒಂದು ಸಂಜೆ ಮನೆ ಬಾಗಿಲಿಗೇ ಕೋರ್ಟ್ ಕಾಗದ ಬಂತು. ಬೇಸ್‌ಮೆಂಟ್ ಕೆಲಸ ಮಾಡಿದ ಕಂಟ್ರಾಕ್ಟರ್ ಬಾಕಿ ಹಣಕ್ಕೆ ಕೇಸು ಹಾಕಿದ್ದರು. ಕಾಗದದ ಮೇಲೆ ‘ಸುಪೀರಿಯರ್ ಕೋರ್ಟ್ ಆಫ್ ಜಸ್ಟಿಸ್’ ಎಂದಿತ್ತು. ಅದನ್ನು ನೋಡಿ ಅವರು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ‘ಸೀದಾ ಹೈಕೋರ್ಟಿಗೇ ಹೋಗಿದ್ದಾರಲ್ಲ’ ಎಂದು ಹೆದರಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಅದು ಸ್ಮಾಲ್ ಕ್ಲೇಮ್ಸ್ ಕೋರ್ಟಿನ ಕಾಗದ, ಇಲ್ಲಿ ದಿನಾ ನಡೆಯುವ ಸಣ್ಣ ವ್ಯಾಜ್ಯ. ಆ ರಾತ್ರಿ ನಮ್ಮವರಲ್ಲಿ ಇನ್ಯಾರಿಗೂ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಹೈಕೋರ್ಟ್ ಎಂದರೆ ಮೇಲ್ಮನವಿಗೆ, ರಿಟ್‌ಗೆ ಹೋಗುವ ಜಾಗ. ಕೊಲೆ ಕೇಸಿನ ವಿಚಾರಣೆ ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ, ಡಿವೋರ್ಸ್ ಫ್ಯಾಮಿಲಿ ಕೋರ್ಟಿನಲ್ಲಿ, ಆಸ್ತಿ ದಾವೆ ಸಿವಿಲ್ ಕೋರ್ಟಿನಲ್ಲಿ. ಒಂಟಾರಿಯೊದಲ್ಲಿ ಈ ಮೂರೂ ಮೊದಲ ಹಂತದಲ್ಲೇ ಸುಪೀರಿಯರ್ ಕೋರ್ಟಿಗೆ ಬರುತ್ತವೆ. ಸಾಕ್ಷಿ ಕೇಳುವುದು, ಪಾಟೀಸವಾಲು, ತೀರ್ಪು ಎಲ್ಲ ಅಲ್ಲೇ. ಅದರ ಮೇಲೆ ಕೋರ್ಟ್ ಆಫ್ ಅಪೀಲ್ ಇದೆ. ಅದಕ್ಕೂ ಮೇಲೆ ರಾಜಧಾನಿ ಒಟ್ಟಾವಾದ ಸುಪ್ರೀಂ ಕೋರ್ಟ್.

ಹಾಗಾದರೆ ‘ಸುಪೀರಿಯರ್’ ಎಂದೇಕೆ? ಇದರ ಜೊತೆಗೇ ‘ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್’ ಎಂಬ ಇನ್ನೊಂದು ಕೋರ್ಟ್ ಇದೆ. ಅದಕ್ಕೆ ಕಾನೂನು ಬರೆದು ಕೊಟ್ಟಷ್ಟೇ ಅಧಿಕಾರ. ಸುಪೀರಿಯರ್ ಕೋರ್ಟಿಗೆ ಹುಟ್ಟಿನಿಂದಲೇ ಬಂದ ಅಧಿಕಾರವಿದೆ: ಬೇರೆ ಕಡೆಗೆ ಎಂದು ಕಾನೂನು ಹೇಳದ ಯಾವ ವ್ಯಾಜ್ಯವನ್ನಾದರೂ ಅದು ಕೇಳಬಹುದು. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ. ಎಷ್ಟೋ ಸಲ ಎರಡೂ ಒಂದೇ ಕಟ್ಟಡದಲ್ಲಿ ಇರುತ್ತವೆ, ಬ್ರಾಂಪ್ಟನ್‌ನಲ್ಲಿ ಹಾಗೆಯೇ. ಅದಕ್ಕೇ ಕಾಗದದ ಮೇಲಿನ ಹೆಸರನ್ನು ಪೂರ್ತಿ ಓದಿ.

ಜಡ್ಜ್‌ಗಳನ್ನು ನೇಮಿಸುವ ರೀತಿ ನಮಗೆ ವಿಚಿತ್ರ ಅನಿಸಬಹುದು. ಕೋರ್ಟ್ ಪ್ರಾಂತ್ಯದ್ದು, ಕಟ್ಟಡ ಮತ್ತು ಸಿಬ್ಬಂದಿ ಪ್ರಾಂತ್ಯದ ಖರ್ಚು. ಜಡ್ಜ್ ಮಾತ್ರ ಕೇಂದ್ರದವರು. 1867ರ ಸಂವಿಧಾನ ಕಾಯ್ದೆಯ 96ನೇ ವಿಧಿಯ ಪ್ರಕಾರ ಅವರನ್ನು ಗವರ್ನರ್ ಜನರಲ್ ನೇಮಿಸುತ್ತಾರೆ. ಸಂಬಳ ಕೊಡುವುದು ಕೇಂದ್ರ ಸರ್ಕಾರ. ವಕೀಲರ ಮಾತಿನಲ್ಲಿ ‘ಸೆಕ್ಷನ್ 96 ಜಡ್ಜ್’ ಅಂತ ಕೇಳಿದರೆ ಇವರೇ. ಕನಿಷ್ಠ ಹತ್ತು ವರ್ಷದ ಅನುಭವ ಬೇಕು, ನಿವೃತ್ತಿ 75ಕ್ಕೆ. ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳು 62ಕ್ಕೇ ನಿವೃತ್ತರಾಗುತ್ತಾರೆ. ಇಲ್ಲಿ ಅವರನ್ನು ಕಿತ್ತುಹಾಕಬೇಕೆಂದರೆ ಪಾರ್ಲಿಮೆಂಟಿನ ಎರಡೂ ಸದನ ಗವರ್ನರ್ ಜನರಲ್ ಅವರನ್ನು ಕೇಳಿಕೊಳ್ಳಬೇಕು. ಪ್ರಾಂತ್ಯದ ಸರ್ಕಾರದ ಮೇಲೆಯೇ ಕೇಸು ಹಾಕಿದರೂ, ಕೇಳುವವರ ಸಂಬಳ, ಕುರ್ಚಿ ಆ ಸರ್ಕಾರದ ಕೈಯಲ್ಲಿಲ್ಲ. ನನಗಂತೂ ಇದರಲ್ಲಿ ತುಂಬಾ ನಂಬಿಕೆ ಇದೆ.

ಹೆಸರು ಪ್ರಾಂತ್ಯಕ್ಕೊಂದು ಥರ. ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಇದೇ ಕೋರ್ಟ್ ‘ಕಿಂಗ್ಸ್ ಬೆಂಚ್’. 2022ರ ಸೆಪ್ಟೆಂಬರಿನಲ್ಲಿ ರಾಣಿ ತೀರಿಕೊಳ್ಳುವವರೆಗೆ ‘ಕ್ವೀನ್ಸ್ ಬೆಂಚ್’ ಆಗಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಇದನ್ನು ‘ಸುಪ್ರೀಂ ಕೋರ್ಟ್’ ಎನ್ನುತ್ತಾರೆ. ಅಲ್ಲಿನ ವ್ಯಾಂಕೂವರ್‌ನ ಗೆಳೆಯರು ಸುಪ್ರೀಂ ಕೋರ್ಟಿಗೆ ಹೋಗಬೇಕು ಅಂದರೆ ಗಾಬರಿ ಬೇಡ.

ಈಗ ಆ ಬೇಸ್‌ಮೆಂಟ್ ಕಾಗದಕ್ಕೆ ಬರೋಣ. ಸ್ಮಾಲ್ ಕ್ಲೇಮ್ಸ್ ಎನ್ನುವುದು ಸುಪೀರಿಯರ್ ಕೋರ್ಟಿನದೇ ಒಂದು ಶಾಖೆ. ಇಲ್ಲಿ ಕೇಳಬಹುದಾದ ಮೊತ್ತದ ಮಿತಿ 35,000 ಡಾಲರ್ ಇತ್ತು, 2025ರ ಅಕ್ಟೋಬರ್ 1ರಿಂದ 50,000 ಆಗಿದೆ. ಹೆಚ್ಚಾಗಿ ಇಲ್ಲಿ ಕೂರುವವರು ಡೆಪ್ಯುಟಿ ಜಡ್ಜ್‌ಗಳು, ಅಂದರೆ ಅರೆಕಾಲಿಕವಾಗಿ ಈ ಕೆಲಸ ಮಾಡುವ ವಕೀಲರು. ನಿಮ್ಮ ಪರವಾಗಿ ನೀವೇ ಮಾತಾಡಬಹುದು. ಇಲ್ಲವೇ ಲೈಸೆನ್ಸ್ ಇರುವ ಪ್ಯಾರಾಲೀಗಲ್ (ವಕೀಲರಲ್ಲದಿದ್ದರೂ ಇಂಥ ಸಣ್ಣ ಕೇಸು ನಡೆಸಬಲ್ಲವರು) ಸಾಕು, ದುಬಾರಿ ವಕೀಲರೇ ಬೇಕೆಂದಿಲ್ಲ.

ಕಾಗದ ಕೈಗೆ ಬಂದರೆ 20 ದಿನದೊಳಗೆ ನಿಮ್ಮ ಉತ್ತರ ಕೋರ್ಟಿಗೆ ಸೇರಬೇಕು. ಇದೊಂದನ್ನು ಮರೆಯಬೇಡಿ. ‘ಮೊದಲ ತಾರೀಖಿಗೆ ವಾಯಿದೆ ಕೇಳಿದರಾಯಿತು’ ಎಂಬ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸುಮ್ನೆ ಕೂತರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು. ಉತ್ತರ ಕೊಟ್ಟ ಮೇಲೆ ವಿಚಾರಣೆಗೂ ಮೊದಲು ‘ಸೆಟ್ಲ್‌ಮೆಂಟ್ ಕಾನ್ಫರೆನ್ಸ್’ ಇರುತ್ತದೆ. ಅದು ಕಡ್ಡಾಯ. ಇಬ್ಬರನ್ನೂ ಕೂರಿಸಿ, ಅನೇಕ ಸಲ ಜೂಮ್‌ನಲ್ಲಿ, ರಾಜಿ ಆಗುತ್ತದಾ ನೋಡುತ್ತಾರೆ. ನನ್ನ ಪರಿಚಯದವರ ವ್ಯಾಜ್ಯ ಅಲ್ಲೇ ಮುಗಿಯಿತು.

ಹಣ ಬರಬೇಕಾದವರು ನೀವೇ ಆದರೆ ತಡ ಮಾಡಬೇಡಿ. ಸಾಮಾನ್ಯ ವ್ಯಾಜ್ಯಗಳಿಗೆ ವಿಷಯ ಗೊತ್ತಾದ ದಿನದಿಂದ ಎರಡೇ ವರ್ಷ ಗಡುವು. ‘ನಮ್ಮವರೇ ಅಲ್ವಾ, ಕೊಡುತ್ತಾರೆ ಬಿಡಿ’ ಅಂತ ಕಾದು ಹಣ ಕಳೆದುಕೊಂಡವರನ್ನು ಕಂಡಿದ್ದೇನೆ. ಸೋತವರು ಗೆದ್ದವರ ಖರ್ಚಿನ ಒಂದು ಭಾಗ ಕೊಡಬೇಕಾಗುತ್ತದೆ. ಸ್ಮಾಲ್ ಕ್ಲೇಮ್ಸ್‌ನಲ್ಲಿ ಅದು ಸಾಮಾನ್ಯವಾಗಿ ಕೇಳಿದ ಮೊತ್ತದ ಶೇ. 15 ದಾಟುವುದಿಲ್ಲ. ದೊಡ್ಡ ದಾವೆಗಳಲ್ಲಿ ಆ ಮಿತಿ ಇಲ್ಲ. ಹಾಗಾಗಿ ಸಿಟ್ಟಿಗೆ ಕೇಸು ಹಾಕಬೇಡಿ.

ಸಂಸಾರದ ವಿಷಯ ಜಾಸ್ತಿ ಸೂಕ್ಷ್ಮ. ಡಿವೋರ್ಸ್ ಮತ್ತು ಗಂಡ ಹೆಂಡತಿಯ ಆಸ್ತಿ ಹಂಚಿಕೆ ಸುಪೀರಿಯರ್ ಕೋರ್ಟಿನಲ್ಲೇ ಆಗಬೇಕು. ಮಕ್ಕಳ ಜವಾಬ್ದಾರಿ, ಜೀವನಾಂಶ ಮಾತ್ರ ಬೇಕಿದ್ದರೆ ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್ ಕೂಡ ಕೇಳುತ್ತದೆ. ಹ್ಯಾಮಿಲ್ಟನ್, ಲಂಡನ್, ಒಟ್ಟಾವಾದಂಥ ಊರುಗಳಲ್ಲಿ ಎಲ್ಲವನ್ನೂ ಒಂದೇ ಫ್ಯಾಮಿಲಿ ಕೋರ್ಟಿಗೆ ಸೇರಿಸಿದ್ದಾರೆ. ಟೊರಾಂಟೊ, ಬ್ರಾಂಪ್ಟನ್‌ನಲ್ಲಿ ಇನ್ನೂ ಎರಡು ಬಾಗಿಲು.

ಮದುವೆ ಮೈಸೂರಿನಲ್ಲಾಗಿದೆ, ಇಲ್ಲಿ ಡಿವೋರ್ಸ್ ಆಗುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಅರ್ಜಿ ಹಾಕುವ ಮುಂಚೆ ಒಂದು ವರ್ಷ ಒಂಟಾರಿಯೊದಲ್ಲಿ ನೆಲೆಸಿರಬೇಕು. ಮದುವೆಯ ಸರ್ಟಿಫಿಕೇಟ್ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಮಾಡಿಸಬೇಕು, ಏಕೆಂದರೆ ಕೋರ್ಟಿನ ಭಾಷೆ ಆ ಎರಡೇ. ಒಂದು ವರ್ಷ ಬೇರೆಯಾಗಿ ಬದುಕಿದ್ದರೆ ಅದೇ ಸಾಕಷ್ಟು ಕಾರಣ, ಯಾರ ತಪ್ಪೂ ತೋರಿಸಬೇಕಿಲ್ಲ. ಆದೇಶ ಬಂದು 31ನೇ ದಿನಕ್ಕೆ ಡಿವೋರ್ಸ್ ಜಾರಿಗೆ ಬರುತ್ತದೆ. ಇನ್ನೊಂದು ಮದುವೆಗೆ ಮುಹೂರ್ತ ಇಡುವವರು ಈ 31 ದಿನವನ್ನು ಲೆಕ್ಕದಲ್ಲಿಡಿ.

ಯಾರಾದರೂ ತೀರಿಕೊಂಡಾಗ ವಿಲ್ ಜಾರಿ ಮಾಡಲು ಬೇಕಾಗುವ ಪ್ರಮಾಣಪತ್ರವೂ ಸುಪೀರಿಯರ್ ಕೋರ್ಟಿನಿಂದಲೇ. ಅವರು ಬಿಟ್ಟುಹೋದ ಆಸ್ತಿಯ ಮೌಲ್ಯದಲ್ಲಿ ಮೊದಲ 50,000 ಡಾಲರಿಗೆ ತೆರಿಗೆ ಇಲ್ಲ, ಅದರಾಚೆ ಪ್ರತಿ ಸಾವಿರಕ್ಕೆ 15 ಡಾಲರ್.

ಈ ಕೋರ್ಟಿಗೆ ಮೊದಲೇ ಹೋಗಬಾರದ ವಿಷಯಗಳೂ ಇವೆ. ಬಾಡಿಗೆ ಮನೆಯ ಜಗಳ ‘ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡ್’ಗೆ. ಅದರ ತೀರ್ಪಿನಲ್ಲಿ ಕಾನೂನಿನ ತಪ್ಪಿದ್ದರೆ ಆಮೇಲೆ ಸುಪೀರಿಯರ್ ಕೋರ್ಟಿನದೇ ಶಾಖೆಯಾದ ಡಿವಿಷನಲ್ ಕೋರ್ಟಿಗೆ ಮೇಲ್ಮನವಿ. ವೀಸಾ ತಿರಸ್ಕಾರ, ಪಿಆರ್ (ಕಾಯಂ ವಾಸದ ಅನುಮತಿ) ತೊಂದರೆಗಳಿಗೆ ಸಾಮಾನ್ಯವಾಗಿ ಫೆಡರಲ್ ಕೋರ್ಟ್, ಅದು ಬೇರೆಯದೇ ವ್ಯವಸ್ಥೆ.

ಕ್ರಿಮಿನಲ್ ಕೇಸುಗಳಲ್ಲಿ ಬಹುಪಾಲು ಒಂಟಾರಿಯೊ ಕೋರ್ಟ್ ಆಫ್ ಜಸ್ಟಿಸ್‌ನಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತವೆ. ಆದರೆ ಕೊಲೆ ವಿಚಾರಣೆ ನಡೆಯುವುದು ಸುಪೀರಿಯರ್ ಕೋರ್ಟಿನಲ್ಲೇ. ಕೊಲೆ ಆರೋಪಿಯ ಜಾಮೀನನ್ನೂ ಅದೇ ತೀರ್ಮಾನಿಸಬೇಕು. ಆರೋಪಿಗೆ ಭಾಷೆ ಬಾರದಿದ್ದರೆ ದುಭಾಷಿ ಪಡೆಯುವ ಹಕ್ಕನ್ನು ಚಾರ್ಟರ್‌ನ (ಸಂವಿಧಾನದ ಹಕ್ಕುಗಳ ಸನ್ನದು) 14ನೇ ವಿಧಿ ಕೊಟ್ಟಿದೆ. ಕನ್ನಡದ ದುಭಾಷಿ ಬೇಕಿದ್ದರೆ ಮುಂಚಿತವಾಗಿಯೇ ಕೇಳಿ. ಅರ್ಧಂಬರ್ಧ ಹಿಂದಿಯಲ್ಲಿ ಸುಧಾರಿಸಲು ಹೋಗಬೇಡಿ.

ಜ್ಯೂರಿ (ತೀರ್ಪು ಹೇಳಲು ಕರೆಸುವ ಸಾಮಾನ್ಯ ನಾಗರಿಕರು) ಕೂರುವುದೂ ಸುಪೀರಿಯರ್ ಕೋರ್ಟಿನಲ್ಲೇ: ಕ್ರಿಮಿನಲ್ ಕೇಸಿಗೆ 12 ಜನ, ಸಿವಿಲ್‌ಗೆ 6. ನೀವು ಸಿಟಿಜನ್ ಆದಮೇಲೆ ನಿಮಗೂ ಕರೆ ಬರಬಹುದು. ಪ್ರಶ್ನಾವಳಿ ಬಂದರೆ ಉತ್ತರಿಸಲೇಬೇಕು. ಇನ್ನೂ ಪಿಆರ್ ಆಗಿದ್ದರೆ ಅದನ್ನೇ ಬರೆದು ವಾಪಸ್ ಕಳಿಸಿ. ಆಯ್ಕೆಯಾದರೆ ಕಂಪನಿ ರಜೆ ಕೊಡಲೇಬೇಕು, ಸಂಬಳ ಕೊಡಲೇಬೇಕೆಂದಿಲ್ಲ.

ವಕೀಲರು ಗೊತ್ತಿಲ್ಲದಿದ್ದರೆ ಲಾ ಸೊಸೈಟಿಯ (ವಕೀಲರಿಗೆ ಲೈಸೆನ್ಸ್ ಕೊಡುವ ಸಂಸ್ಥೆ) ರೆಫರಲ್ ಸೇವೆ ಇದೆ. ಮೊದಲ ಅರ್ಧ ಗಂಟೆಯವರೆಗಿನ ಮಾತುಕತೆ ಉಚಿತ. ಅದಕ್ಕೂ ಮೊದಲು, ಕೇಸು ಇಲ್ಲದಿರುವಾಗಲೇ ಒಂದು ಬೆಳಿಗ್ಗೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹೆಚ್ಚಿನ ವಿಚಾರಣೆಗಳಿಗೆ ಯಾರು ಬೇಕಾದರೂ ಹೋಗಬಹುದು. ಟೋಪಿ ತೆಗೆಯಿರಿ, ಫೋನ್ ಸೈಲೆಂಟ್ ಮಾಡಿ. ಫೋಟೊ ಮಾತ್ರ ತೆಗೆಯಬೇಡಿ, ಅದು ಇಲ್ಲಿ ಅಪರಾಧ.