ನರದ ಡಾಕ್ಟರ್ ಹುಡುಕಿಕೊಂಡು ಹೊರಟಾಗ

"ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ, ಒಂದ್ಸಲ ಸೈಕಿಯಾಟ್ರಿಸ್ಟ್ ಹತ್ರ ತೋರಿಸಿಬಿಡಿ" ಅಂತ ಹೊಟ್ಟೆ ಡಾಕ್ಟರ್ ಹೇಳಿದ್ದನ್ನು ನಾನು ಅವ್ವನಿಗೆ ಹದಿನೈದು ದಿನ ಹೇಳಲೇ ಇಲ್ಲ. ಬಾಯಿ ಬರಲಿಲ್ಲ.

ಒಂದು ವರ್ಷದಿಂದ ಅವ್ವನಿಗೆ ಎದೆ ಉರಿ, ಕೈಕಾಲು ಜೋಮು, ತಲೆಯೊಳಗೆ ಇರುವೆ ಹರಿದಂಗೆ. ಮೂರು ಇಸಿಜಿ, ಎರಡು ಸ್ಕ್ಯಾನ್, ಒಂದು ಎಂಡೋಸ್ಕೋಪಿ ಆಗಿತ್ತು. ನಾನು ಬಳ್ಳಾರಿಯಲ್ಲಿ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವನು. ಅವ್ವ ಇರುವುದು ಊರಲ್ಲಿ, ಬಸ್ಸಿನಲ್ಲಿ ಒಂದೂವರೆ ತಾಸು. ಪ್ರತಿ ಪರೀಕ್ಷೆಗೂ ಒಂದು ದಿನದ ರಜೆ.

ಕೊನೆಗೆ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಯಾಕಪ್ಪಾ, ನನಗೇನು ಹುಚ್ಚು ಹಿಡಿದೈತೇನು?"

ನಮ್ಮ ಅಕ್ಕ ಜಾಣೆ. "ಹುಚ್ಚಿನ ಡಾಕ್ಟರ್ ಅಲ್ಲಬೇ, ನರದ ಡಾಕ್ಟರ್" ಅಂದಳು. ನಮ್ಮ ಕಡೆ ಈ ಮಾತಿಗೆ ಎಲ್ಲರೂ ಒಪ್ಪುತ್ತಾರೆ. ಬೋರ್ಡುಗಳೂ ಹಾಗೇ ಇರುತ್ತವೆ, 'ನರ ಮತ್ತು ಮಾನಸಿಕ ರೋಗ ತಜ್ಞರು' ಅಂತ. ಆದರೆ ಈ ಜಾಣತನದಿಂದ ನಾವೇ ಎಡವಿದೆವು. ನರದ ಡಾಕ್ಟರ್ ಅಂತ ಯಾರನ್ನೋ ಕೇಳಿ ಹೋದರೆ ಅವರು ನಿಜವಾಗಿಯೂ ನರರೋಗದವರು, ಅಂದರೆ ನ್ಯೂರಾಲಜಿಸ್ಟ್! ಫಿಟ್ಸು, ಲಕ್ವ ನೋಡುವವರು. ಅವರು ಪಾಪ ಒಳ್ಳೆಯವರು, ಇದು ನನ್ನದಲ್ಲ ಅಂತ ವಾಪಸ್ ಕಳಿಸಿದರು.

ಆಮೇಲೆ ಸಂಬಂಧಿಕರೊಬ್ಬರು ಹೇಳಿದ 'ದೊಡ್ಡ ಡಾಕ್ಟರ್'. ಬೇರೆ ಜಿಲ್ಲೆಯ ಪೇಟೆ, ಕಾರು ಮಾಡಿಕೊಂಡು ಹೋದೆವು. ಟೋಕನ್ 64. ಬೆಳಗ್ಗೆ ಹೋದವರು ಸಂಜೆ ನಾಲ್ಕಕ್ಕೆ ಒಳಗೆ ಹೋದೆವು, ಮೂರು ನಿಮಿಷಕ್ಕೆ ಹೊರಗೆ ಬಂದೆವು. ಅವ್ವನ ಮುಖ ನೋಡಿ ಮಾತಾಡಿದ್ದು ಒಂದು ಸಲ, "ನಿದ್ದೆ ಬರುತ್ತಾ?" ಅಂತ. ಐದು ತರ ಮಾತ್ರೆ ಕೊಟ್ಟರು. ಕಾಯಿಲೆ ಏನು ಅಂತ ಕೇಳಿದೆ. "ಟೆನ್ಷನ್" ಅಂದರು, ಬೆಲ್ ಒತ್ತಿದರು.

ಆ ಮಾತ್ರೆ ತಗೊಂಡು ಅವ್ವ ಊಟದ ತಟ್ಟೆ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಕೈಯಲ್ಲಿ ರೊಟ್ಟಿ ತುಂಡು, ಪಲ್ಯಕ್ಕೆ ಅದ್ದಿಕೊಂಡು ಹಾಗೇ ನಿದ್ದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ಮುಂದಿನ ತಿಂಗಳು ಕರ್ಕೊಂಡು ಬರ್ರಿ" ಅಷ್ಟೇ. ಮೂರು ವಾರ ನೋಡಿ, ಎಲ್ಲಾ ಮಾತ್ರೆ ಒಟ್ಟಿಗೇ ನಿಲ್ಲಿಸಿಬಿಟ್ಟೆವು. ಇದು ನಾವು ಮಾಡಿದ ದೊಡ್ಡ ತಪ್ಪು. ಇಂಥ ಮಾತ್ರೆಗಳನ್ನು ದಿಢೀರ್ ಅಂತ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಅವ್ವ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇದ್ದಳು, ಕೈ ನಡುಗುತ್ತಿತ್ತು.

ಎರಡನೇ ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ದಿನದ ಇಪ್ಪತ್ನಾಲ್ಕು ತಾಸು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸುಮ್ನೆ ರೆಕಾರ್ಡಿಂಗ್ ಕೇಳಿಸ್ತಾರೇನೋ ಅಂದುಕೊಂಡಿದ್ದೆ. ಒಬ್ಬ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. ಮಾತ್ರೆಗಳ ಹೆಸರು ಓದಿಸಿದರು. ಆಮೇಲೆ ಕೇಳಿದರು, "ನಿಮ್ಮ ತಾಯಿ ಸಾಯುವ ಮಾತು ಏನಾದರೂ ಆಡಿದ್ದಾರಾ? ನೀವು ಕೇಳಿದ್ದೀರಾ?"

ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗೆ ಆಗುತ್ತೆ ಅಂತ ಭಯ. ಹಾಗೇನೂ ಆಗಲ್ಲ, ಕೇಳುವುದೇ ಒಳ್ಳೆಯದು ಅಂದರು. ಬೆಳಗ್ಗೆ ಕೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. "ದಿನಾ ಅನಿಸ್ತೈತೆ. ಹುಡುಗಿ ಮುಖ ನೋಡಿ ಸುಮ್ಮನಿರ್ತೀನಿ." ಹುಡುಗಿ ಅಂದರೆ ನನ್ನ ಮಗಳು.

ಆವತ್ತೇ ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮನೆಯಿಂದ ತೆಗೆದು ಬೇರೆ ಕಡೆ ಇಟ್ಟೆ. ಅವ್ವನ ಹತ್ತಿರ ಯಾವಾಗಲೂ ಒಬ್ಬರು ಇರುವ ಹಾಗೆ ನೋಡಿಕೊಂಡೆವು.

ಫೋನಿನಲ್ಲೇ ಗೊತ್ತಾದ ಇನ್ನೊಂದು ವಿಷಯ, ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಇದೆ, ಮನೋಚೈತನ್ಯ ಅಂತ ಅದರ ಹೆಸರು. ಅಲ್ಲಿಯವರೆಗೆ ಜಾಸ್ತಿ ತೊಂದರೆ ಆದರೆ ಕಾಯಬೇಡಿ, ಸೀದಾ ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದಿದ್ದರು. ಬುಧವಾರ ಅಂತ ನನ್ನ ತಲೆಯಲ್ಲಿ ಹೇಗೆ ಕೂತಿತೋ ಗೊತ್ತಿಲ್ಲ, ಒಂದು ರಜೆ ದಂಡ. ನಿಮ್ಮ ಕಡೆ ದಿನ ಬೇರೆ ಇರಬಹುದು, ಫೋನ್ ಮಾಡಿಯೇ ಹೊರಡಿ.

ಮುಂದಿನ ಮಂಗಳವಾರ ಹೋದೆವು. ಮೇಡಂ ಮೊದಲು ನನ್ನನ್ನು ಹೊರಗೆ ಕಳಿಸಿದರು. ಅವ್ವನ ಹತ್ತಿರ ಒಬ್ಬರೇ ಮಾತಾಡಿ ಆಮೇಲೆ ನನ್ನನ್ನು ಕರೆದರು. "ಅಮ್ಮಾ, ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?" ಅಂದರೆ ಅವ್ವ ತಟ್ಟನೆ "ಮೂರಕ್ಕರೀ" ಅಂದಳು. ನಮ್ಮ ಯಾರಿಗೂ ಗೊತ್ತಿರಲಿಲ್ಲ ಅದು! ಅಪ್ಪ ಹೋಗಿ ಎಷ್ಟು ದಿನ ಆಯಿತು, ಊಟ ರುಚಿ ಅನಿಸುತ್ತಾ, ಅಳು ಬರುತ್ತಾ, ಎಲ್ಲಾ ಕೇಳಿದರು. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಬರೆದರು, ಥೈರಾಯ್ಡ್ ಕಮ್ಮಿ ಆದರೂ ಇದೇ ತರ ಆಗುತ್ತಂತೆ. ಆ ದಪ್ಪ ಫೈಲಿನಲ್ಲಿ ಆ ಒಂದು ಪರೀಕ್ಷೆ ಮಾತ್ರ ಇರಲಿಲ್ಲ ನೋಡಿ.

ಕಾಯಿಲೆಗೆ ಹೆಸರು ಹೇಳಿದರು, ಖಿನ್ನತೆ. ಅದು ಮೈಯಲ್ಲೂ ಹೀಗೆ ಎದೆ ಉರಿ, ಜೋಮು ಅಂತ ಕಾಣಿಸಿಕೊಳ್ಳುತ್ತೆ ಅಂದರು. ಹೊಸ ಮಾತ್ರೆ ಹೇಗೆ ತಗೋಬೇಕು ಅಂತ ಕಾಗದದ ಮೇಲೆ ವಾರದ ಲೆಕ್ಕ ಬರೆದುಕೊಟ್ಟರು. ಅದು ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು ಅಂದರು. ಮೂರನೇ ದಿನ ತೊಳಸಿತು. ಮೊದಲೇ ಹೇಳಿದ್ದರಿಂದ ಅವ್ವ ಹೆದರಲಿಲ್ಲ.

ಅವ್ವ ಮೆಲ್ಲಗೆ ಕೇಳಿದಳು, "ಕರೆಂಟ್ ಕೊಡ್ತೀರೇನ್ರೀ?" ಮೇಡಂ ನಗಲಿಲ್ಲ. ನಿಮಗೆ ಅದರ ಅವಶ್ಯಕತೆ ಇಲ್ಲ, ಬೇಕಾದವರಿಗೂ ಈಗ ಅನಸ್ತೀಸಿಯಾ ಕೊಟ್ಟೇ ಮಾಡಬೇಕು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಹಾಗಿದೆ ಅಂತ ಸಮಾಧಾನದಿಂದ ಹೇಳಿದರು.

ನನಗೆ ಆಮೇಲೆ ತಿಳಿದು ನಗು ಬಂದ ಸಂಗತಿ ಒಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ತರುವ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ 'ಬಳ್ಳಾರಿ ಮಾದರಿ'ಯೇ ಆಧಾರ. ನಾವು ಆ ಬಳ್ಳಾರಿಯಲ್ಲಿದ್ದುಕೊಂಡು ಕಾರು ಮಾಡಿಕೊಂಡು ಬೇರೆ ಜಿಲ್ಲೆಗೆ ಹೋಗಿದ್ದೆವು.

ಮೇಡಂ ವರ್ಗ ಆದರೆ ಏನು ಗತಿ ಅಂತ ಬಳ್ಳಾರಿಯಲ್ಲಿ ಪ್ರೈವೇಟ್ ಒಬ್ಬರನ್ನೂ ಹುಡುಕಿಟ್ಟೆ. ಈ ಸಲ ಯಾರು ದೊಡ್ಡವರು ಅಂತ ಕೇಳಲಿಲ್ಲ. ಬೋರ್ಡಿನಲ್ಲಿ ಎಂಬಿಬಿಎಸ್ ಜೊತೆಗೆ ಸೈಕಿಯಾಟ್ರಿಯ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಇದೆಯಾ ಅಂತ ನೋಡಿದೆ. ಮಾತಿನ ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್ ಬೇರೆ, ಅವರು ಮಾತ್ರೆ ಬರೆಯುವಂತಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಒದ್ದಾಡುತ್ತಾರೆ.

ಫೋನಿನಲ್ಲಿ ಕೇಳಿದ್ದೆಲ್ಲ ಮೊದಲ ಭೇಟಿಯ ಬಗ್ಗೆ ಅಲ್ಲ, ಆಮೇಲಿನ ಭೇಟಿಗಳ ಬಗ್ಗೆ. ಪ್ರತಿ ಸಲ ಇದೇ ಡಾಕ್ಟರ್ ಸಿಗ್ತಾರಾ, ಮಧ್ಯದಲ್ಲಿ ಮಾತ್ರೆ ಒಗ್ಗದೆ ಹೋದರೆ ಯಾರಿಗೆ ಫೋನ್ ಮಾಡಬೇಕು, ಎರಡನೇ ಸಲದ ಫೀಸ್ ಎಷ್ಟು, ಬರೆದ ಮಾತ್ರೆ ಊರ ಕಡೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಾ. ಈ ಕೊನೆಯದನ್ನು ಯಾರೂ ಕೇಳಲ್ಲ. ಆ ದೊಡ್ಡ ಡಾಕ್ಟರ್ ಬರೆದಿದ್ದರಲ್ಲಿ ಎರಡು ಮಾತ್ರೆ ಅವರ ಕ್ಲಿನಿಕ್ಕಿನ ಕೆಳಗಿನ ಅಂಗಡಿ ಬಿಟ್ಟು ಎಲ್ಲೂ ಸಿಗುತ್ತಿರಲಿಲ್ಲ. ಮೂರು ಕಡೆ ಫೋನ್ ಮಾಡಿದೆ. ಎರಡು ಕಡೆ ರಿಸೆಪ್ಷನ್‌ನವರಿಗೇ ಸಿಟ್ಟು ಬಂತು. ಮೂರನೇ ಕಡೆ ಹುಡುಗ "ತಡೀರಿ ಅಣ್ಣಾ, ಸರ್‌ನ ಕೇಳಿ ಹೇಳ್ತೀನಿ" ಅಂದ, ಹತ್ತು ನಿಮಿಷಕ್ಕೆ ಅವನೇ ವಾಪಸ್ ಫೋನ್ ಮಾಡಿದ. ಆ ನಂಬರ್ ಸೇವ್ ಮಾಡಿಟ್ಟಿದ್ದೇನೆ. ಇನ್ನೂ ಬೇಕಾಗಿಲ್ಲ.

ಒಂದು ಉಪಯೋಗದ ಕೆಲಸ ಮಾಡಿದ್ದು ಅಂದರೆ ಮಗಳ ಹಳೇ ನೋಟ್‌ಬುಕ್ಕು. ಅಕ್ಕ ದಿನಾ ಒಂದು ಸಾಲು ಬರೆಯುತ್ತಿದ್ದಳು, ಎಷ್ಟು ತಾಸು ನಿದ್ದೆ, ಎಷ್ಟು ರೊಟ್ಟಿ ಉಂಡಳು. ಮೇಡಂ ಪ್ರತಿ ಸಲ ಅದನ್ನೇ ಮೊದಲು ಓದುತ್ತಿದ್ದರು. ಐದನೇ ವಾರದ ಒಂದು ಸಾಲು: 'ಅವ್ವ ಇವತ್ತು ಪಕ್ಕದ ಮನೆಯವರ ಜೊತೆ ನೀರಿನ ಸಲುವಾಗಿ ಜಗಳ ಆಡಿದಳು.' ಅದನ್ನು ಓದಿ ಮೇಡಂ ಮೊದಲ ಸಲ ನಕ್ಕರು.

ಈಗ ಎಂಟು ತಿಂಗಳು. ಮಾತ್ರೆ ಇನ್ನೂ ಇದೆ, ಆರಾಮಾಗಿದ್ದರೂ ಕೆಲವು ತಿಂಗಳು ಮುಂದುವರಿಸಬೇಕು ಅಂದಿದ್ದಾರೆ. ಹೋದ ವಾರ ಊರಿಗೆ ಹೋದಾಗ ಅವ್ವ ಕಟ್ಟೆ ಮೇಲೆ ಕೂತು, ಹೆರಿಗೆ ಆದಾಗಿಂದ ಮಂಕಾಗಿರುವ ಓಣಿಯ ಸೊಸೆಯ ಅತ್ತೆಗೆ ಹೇಳುತ್ತಿದ್ದಳು: "ಮಂಗಳವಾರ ಹೋಗಬೇ, ಬುಧವಾರ ಅಲ್ಲ. ನನ್ನ ಮಗನ್ನ ಕೇಳಬ್ಯಾಡ, ಅವನಿಗೆ ವಾರ ಗೊತ್ತಾಗಲ್ಲ."