ರಾಡಾರ್‌ಗೂ ಕಾಣಬಾರದು, ಥರ್ಮಲ್ ಕ್ಯಾಮೆರಾಗೂ ಕಾಣಬಾರದು: ನನ್ನ ಅನುಭವ

ರಾಡಾರ್ ಕಣ್ಣು ತಪ್ಪಿಸಬೇಕಾದರೆ ಮೇಲ್ಮೈ ಬಂದ ಅಲೆಯನ್ನು ನುಂಗಬೇಕು. ಥರ್ಮಲ್ ಕ್ಯಾಮೆರಾ ಕಣ್ಣು ತಪ್ಪಿಸಬೇಕಾದರೆ ಅದೇ ಮೇಲ್ಮೈ ಇನ್‌ಫ್ರಾರೆಡ್, ಅಂದರೆ ಆ ಕ್ಯಾಮೆರಾ ನೋಡುವ ಶಾಖದ ಕಿರಣ, ನುಂಗಲೇಬಾರದು. ಯಾಕೆಂದರೆ ಚೆನ್ನಾಗಿ ನುಂಗುವುದು ಅಷ್ಟೇ ಚೆನ್ನಾಗಿ ಹೊರಗೂ ಬಿಡುತ್ತದೆ. ಜರ್ಮನ್ ಭೌತವಿಜ್ಞಾನಿ ಕಿರ್ಚಾಫ್ ಇದನ್ನು 1859ರಲ್ಲೇ ಹೇಳಿದ್ದರು. ಶಾಖ ಹೊರಸೂಸದಿರಲು ಲೋಹದಂಥ ಮೇಲ್ಮೈ ಬೇಕು, ಆದರೆ ಲೋಹ ರಾಡಾರ್‌ಗೆ ಕನ್ನಡಿ. ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ನಾನು ಕೈ ಹಾಕಿದ್ದು ಈ ಜಗಳಕ್ಕೆ.

ಬಿಡಿಸುವ ದಾರಿ ಅಲೆಗಳ ಅಳತೆಯಲ್ಲೇ ಇದೆ. 10 ಗಿಗಾಹರ್ಟ್ಸ್ ರಾಡಾರ್ ಅಲೆಯ ಉದ್ದ 3 ಸೆಂಟಿಮೀಟರ್. ಥರ್ಮಲ್ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಉದ್ದದ ಅಲೆ. ನಡುವೆ ಸಾವಿರಾರು ಪಟ್ಟು ಅಂತರ. ಲೋಹದಂಥ ಪದರವನ್ನು 1 ಮಿಲಿಮೀಟರ್‌ಗೆ ಒಂದರಂತೆ ಪುಟ್ಟ ಚೌಕಗಳಾಗಿ ಕತ್ತರಿಸಿ, ನಡುವೆ 0.05 ಮಿಲಿಮೀಟರ್ ಸಂದು ಬಿಟ್ಟೆವು. ರಾಡಾರ್ ಅಲೆಗೆ ಅದು ಹೆಚ್ಚೂಕಡಿಮೆ ತೆರೆದ ಬಾಗಿಲು. ಇನ್‌ಫ್ರಾರೆಡ್‌ಗೆ ಮಾತ್ರ 90% ಲೋಹವೇ.

ಬಳಸಿದ್ದು ಟಚ್ ಸ್ಕ್ರೀನ್‌ನಲ್ಲಿ ಬರುವ ಐಟಿಒ (ವಿದ್ಯುತ್ ಹರಿಯಬಿಡುವ ಪಾರದರ್ಶಕ ಇಂಡಿಯಂ ಟಿನ್ ಆಕ್ಸೈಡ್) ಲೇಪದ ಪೆಟ್ ಪ್ಲಾಸ್ಟಿಕ್ ಹಾಳೆ. ಲೇಸರ್‌ನಲ್ಲಿ ಗೀರು ಹಾಕಿಸಿದ್ದು ಪೀಣ್ಯದಲ್ಲಿ. ಐಟಿಒದ ಎಮಿಸಿವಿಟಿ, ಅಂದರೆ ಶಾಖ ಹೊರಸೂಸುವ ಪ್ರಮಾಣ (0ಯಿಂದ 1ರವರೆಗೆ), ಸುಮಾರು 0.12, ಪೆಟ್‌ನದು 0.9. ಚೌಕಗಳ ಪಾಲಿಗೆ ತಕ್ಕಂತೆ ಕೂಡಿಸಿದರೆ 0.2ರ ಹತ್ತಿರ ಬರುತ್ತದೆ. ಲೇಪದ ಮುಖವೇ ಹೊರಗಿರಬೇಕು, ಪೆಟ್ ಮೇಲೆ ಬಂದರೆ ಎಲ್ಲಾ ದಂಡ. ಯಾವ ಕಡೆ ಲೇಪ ಇದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಮಲ್ಟಿಮೀಟರ್ ಇಟ್ಟು ನೋಡಬೇಕು.

ಈ ಹಾಳೆಯ ಕೆಳಗೆ ರಾಡಾರ್ ಅಲೆ ನುಂಗುವ ಭಾಗ ಹಳೇ ವಿದ್ಯೆ. ಚದರಕ್ಕೆ 377 ಓಮ್ ಆಸುಪಾಸು ವಿದ್ಯುತ್ ತಡೆ ಇರುವ ಪದರ, ಫೋಮ್, ತಳದಲ್ಲಿ ಲೋಹ. ಲೆಕ್ಕದ ಪ್ರಕಾರ ಫೋಮ್ ಕಾಲು ಅಲೆಯಷ್ಟು, ಅಂದರೆ 7.5 ಮಿಲಿಮೀಟರ್ ಇರಬೇಕು. ಮೇಲಿನ ಚೌಕಗಳು ಕೆಪಾಸಿಟರ್ (ವಿದ್ಯುತ್ ಕೂಡಿಡುವ ಬಿಡಿಭಾಗ) ತರಹ ವರ್ತಿಸಿ, ಅಲೆ ಚೆನ್ನಾಗಿ ನುಂಗುವ ಆವರ್ತನವನ್ನು ಕೆಳಕ್ಕೆ ಎಳೆಯುತ್ತವೆ. ಹಾಗಾಗಿ ಫೋಮ್ ತೆಳ್ಳಗೆ ಮಾಡಿ ಸರಿದೂಗಿಸಿದೆವು. ಹಾರ್ನ್ ಆಂಟೆನಾ (ಕಹಳೆ ಆಕಾರದ ಆಂಟೆನಾ) ಮುಂದಿಟ್ಟು ಅಳೆದಾಗ ವಾಪಸ್ ಬರುವ ಅಲೆ ಮೈನಸ್ 10 ಡೆಸಿಬೆಲ್‌ಗಿಂತ ಕೆಳಗೆ ಬಂದರೆ 90% ನುಂಗಿತು ಅಂತ ಅರ್ಥ. ರಾಡಾರ್ ಕಡೆಯ ಕೆಲಸ ಇಷ್ಟೇ.

ಕಾಡಿದ್ದು ಇನ್‌ಫ್ರಾರೆಡ್. ಹಾಟ್‌ಪ್ಲೇಟ್ 80 ಡಿಗ್ರಿ ಇದ್ದರೂ ಮೇಲಿಟ್ಟ ಹಾಳೆ ಕ್ಯಾಮೆರಾದಲ್ಲಿ 40ರ ಸುಮಾರಿಗೆ ಕಾಣುತ್ತದೆ. ನೋಡಿದವರೆಲ್ಲ ಖುಷಿ ಪಡುತ್ತಾರೆ. ಆದರೆ ಹಾಳೆ ಏನೂ ತಣ್ಣಗಾಗಿಲ್ಲ! ಪಕ್ಕದಲ್ಲಿ ಕಪ್ಪು ಟೇಪ್ ಅಂಟಿಸಿದರೆ ಅದು ನಿಜವಾದ ಬಿಸಿ ತೋರಿಸುತ್ತದೆ. ಹಾಳೆ ಕ್ಯಾಮೆರಾಗೆ ಕೊಡುತ್ತಿರುವುದು ಬಹುಪಾಲು ಕೋಣೆಯ ಪ್ರತಿಬಿಂಬ. ಎದುರು ಬಗ್ಗಿದರೆ ನನ್ನ ಮುಖವೇ ಅದರಲ್ಲಿ ಕಾಣುತ್ತದೆ.

ಹೊರಗೆ ತೆಗೆದುಕೊಂಡು ಹೋದರೆ ಕತೆಯೇ ಬೇರೆ. ಜನವರಿಯ ಬೆಂಗಳೂರಿನ ತಿಳಿಯಾದ ರಾತ್ರಿಯಲ್ಲಿ ಆಕಾಶ ಈ ಕ್ಯಾಮೆರಾಗೆ ತುಂಬಾ ತಣ್ಣಗೆ ಕಾಣುತ್ತದೆ. ಮಹಡಿ ಮೇಲೆ ಮಲಗಿಸಿಟ್ಟ ಹಾಳೆ ಆ ಆಕಾಶವನ್ನೇ ತೋರಿಸಿ, ಸುತ್ತಲಿನ ಕಾಂಕ್ರೀಟ್ ನಡುವೆ ಕಪ್ಪು ತೇಪೆಯಾಗುತ್ತದೆ. ಅಡಗಿಸಬೇಕಾದದ್ದೇ ಎದ್ದು ಕಂಡರೆ ಏನು ಪ್ರಯೋಜನ, ಅಲ್ವಾ? ಜುಲೈನಲ್ಲಿ ಮೋಡ ಮುಚ್ಚಿದಾಗ ಅದೇ ಹಾಳೆ ಸುತ್ತಲಿನದರ ಜೊತೆ ಎಷ್ಟೋ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ಎಮಿಸಿವಿಟಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಂದು ಸ್ವಲ್ಪ ಅಗಲ ಮಾಡಿ, ಹಿನ್ನೆಲೆಗೆ ತಕ್ಕ ಮೌಲ್ಯಕ್ಕೆ ತರುವುದೇ ಜಾಸ್ತಿ ಉಪಯೋಗ.

2024ರಲ್ಲಿ ಐಐಟಿ ಕಾನ್ಪುರದವರು ‘ಅನಾಲಕ್ಷ್ಯ’ ಎಂಬ ಮೆಟಾಮೆಟೀರಿಯಲ್ (ಪುಟ್ಟ ವಿನ್ಯಾಸಗಳಿಂದ ಅಲೆಗಳನ್ನು ಪಳಗಿಸುವ ವಸ್ತು) ಹೊದಿಕೆ ತೋರಿಸಿದ ಮೇಲೆ ನೆಂಟರೆಲ್ಲ ನನ್ನನ್ನೂ ಮಾಯದ ಬಟ್ಟೆ ಕೇಳುತ್ತಾರೆ. ಸುಮ್ನೆ ನಗುತ್ತೇನೆ.

ಉಳಿದಿರುವ ತಲೆನೋವು ಒಳಗಿನ ಬಿಸಿ. ಹೊರಸೂಸುವ ದಾರಿ ಮುಚ್ಚಿದರೆ ವಸ್ತು ಇನ್ನಷ್ಟು ಕಾಯುತ್ತದೆ. 5ರಿಂದ 8 ಮೈಕ್ರಾನ್ ನಡುವಿನ ಬೆಳಕನ್ನು ಗಾಳಿಯಲ್ಲಿನ ನೀರಾವಿ ಬಹುಪಾಲು ಹೀರಿಬಿಡುತ್ತದೆ, ದೂರದ ಕ್ಯಾಮೆರಾಗೆ ಅದು ತಲುಪುವುದಿಲ್ಲ. ಆ ಕಿಂಡಿಯಿಂದ ಮಾತ್ರ ಬಿಸಿ ಹೊರಹಾಕುವ ಲೇಪವನ್ನು ಚೌಕಗಳ ಮೇಲೆ ಕೂರಿಸುವ ಕೆಲಸ ಈಗ ನಡೆಯುತ್ತಿದೆ.