ಇಳಿಜಾರಿನಲ್ಲಿ ಮನೆ: ಗುಡ್ಡ ಕಡಿಯದೆ ಪಾಯ ಹಾಕುವ ಬಗೆ

ಕೊಡಗು, ಮಲೆನಾಡುಗಳಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಕರೆಸುವುದು ಜೆಸಿಬಿಯನ್ನು. ಗುಡ್ಡವನ್ನು ನೇರವಾಗಿ ಕಡಿದು, ಆ ಮಣ್ಣನ್ನೇ ಕೆಳಬದಿಗೆ ತುಂಬಿ ಸಮತಟ್ಟು ಮಾಡಿದರೆ, ಮನೆಯ ಹಿಂದೆ ಆಸರೆ ಕಳೆದುಕೊಂಡ ಬರೆಯೂ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಮುಂದೆ ಮಳೆಗೆ ಜಾರುವ ಸಡಿಲ ಮಣ್ಣೂ ಉಳಿಯುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದದ್ದಕ್ಕೆ ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಕಾರಣವಾಗಿತ್ತು.

ನಕ್ಷೆ ಬರೆಸುವ ಮುನ್ನ ಆ ಜಾಗವನ್ನು ಒಂದು ಮಳೆಗಾಲ ಗಮನಿಸಬೇಕು. ಆಷಾಢದಲ್ಲಿ ಮಾತ್ರ ಹರಿಯುವ ಸಣ್ಣ ತೋಡು, ನೀರು ಒಸರುವ ಜಾಗ ಬೇಸಿಗೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇವುಗಳ ಮೇಲೆ ಪಾಯ ಹಾಕಲೇಬಾರದು.

ಮನೆಯ ಉದ್ದವನ್ನು ಇಳಿಜಾರಿಗೆ ಅಡ್ಡಲಾಗಿ, ಸಮೋನ್ನತ ರೇಖೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಗುಂಟ ಇಡಿ. ಜಗಲಿ, ನಡುಮನೆ, ಅಡುಗೆಮನೆಗಳನ್ನು ಬೇರೆ ಬೇರೆ ಮಟ್ಟದಲ್ಲಿರಿಸಿದರೆ ಕಡಿಯಬೇಕಾದ ಮಣ್ಣು ಬಹಳ ಕಡಿಮೆಯಾಗುತ್ತದೆ. ಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ, ಆದರೆ ಪ್ರತಿ ಮೆಟ್ಟಿಲಿನ ತಳ ಮಟ್ಟಸವಾಗಿ, ಗಟ್ಟಿ ನೆಲದ ಮೇಲೆ ಕೂರಬೇಕು. ಇಳಿಜಾರು ಹೆಚ್ಚಿದ್ದಲ್ಲಿ ಮನೆಯನ್ನು ಕಂಬಗಳ ಮೇಲೆ ನಿಲ್ಲಿಸಬಹುದು; ಆಗ ಕಂಬದ ಗುಂಡಿಗಳಷ್ಟನ್ನೇ ಅಗೆದು, ಮಳೆನೀರು ಅಡಿಯಲ್ಲಿ ತನ್ನ ದಾರಿಯಲ್ಲೇ ಹರಿಯುವಂತೆ ಬಿಡಬಹುದು. ಆದರೆ ಮೇಲ್ಬದಿಯ ಗಿಡ್ಡ ಕಂಬಗಳು ಭೂಕಂಪದಲ್ಲಿ ಉದ್ದ ಕಂಬಗಳಿಗಿಂತ ಹೆಚ್ಚು ಬಲ ಹೊರಬೇಕಾಗುವುದರಿಂದ, ಇದನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಎಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಲೇಬೇಕು.

ಅಗೆಯುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮುಚ್ಚಿಡಿ. ಬೀಜ, ಬೇರು, ಸೂಕ್ಷ್ಮಜೀವಿಗಳೆಲ್ಲ ಹೆಚ್ಚಾಗಿ ಇರುವುದು ಅದರಲ್ಲೇ. ಕೆಲಸ ಮುಗಿದ ಮೇಲೆ ಬರಿದಾದ ಜಾಗಕ್ಕೆ ಅದನ್ನೇ ಹರಡಬೇಕು.

ತಡೆಗೋಡೆ ಅನಿವಾರ್ಯವಾದರೆ, ಅದರ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಸಾಲಾಗಿ ಪೈಪುಗಳನ್ನಿಡಿ. ಗೋಡೆಗಳನ್ನು ಎಷ್ಟೋ ಕಡೆ ಮಣ್ಣಿನ ಭಾರಕ್ಕಿಂತ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡವೇ ಉರುಳಿಸುತ್ತದೆ. ಬಯಲುಸೀಮೆಯಲ್ಲಿ ವರವಾದ ಇಂಗುಗುಂಡಿಯನ್ನು ಕಡಿದಾದ ಗುಡ್ಡದಲ್ಲಿ ಬರೆಯ ಮೇಲ್ಭಾಗದಲ್ಲಿ ತೋಡಬಾರದು. ಅಲ್ಲಿ ಇಂಗಿದ ನೀರು ಮಣ್ಣಿನ ಭಾರ ಹೆಚ್ಚಿಸಿ ಹಿಡಿತ ಸಡಿಲಿಸುತ್ತದೆ. ಮಾಡಿನ ನೀರನ್ನು ಕಲ್ಲು ಹಾಸಿದ ಚರಂಡಿಯಲ್ಲಿ ನಿಧಾನವಾಗಿ ತೋಡಿಗೆ ಇಳಿಸುವುದೇ ಕ್ಷೇಮ.

ಬರಿದಾದ ಅಂಚುಗಳಿಗೆ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಅಡ್ಡಸಾಲಿನಲ್ಲಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಲಾವಂಚ ನೆಡಿ. ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ.